ನಂಜುಂಡನು ಒಪ್ಪದ ಒಣ ಹರಕೆ

ನಂಜುಂಡೇಶ್ವರನನ್ನು ನಂಬಿದ ಅಣ್ಣಂದಿರಿಗೂ ಅಕ್ಕತಂಗಿಯರಿಗೂ ಶರಣು. ಕಣ್ಣುಬೇನೆ ವಾಸಿಯಾದವರು ಆ ತಂದೆಗೆ ಬೆಳ್ಳಿಯ ಕಣ್ಣು ಒಪ್ಪಿಸುತ್ತಾರೆ. ಮುರಿದ ಕಾಲು ಕೂಡಿದವರು ಬೆಳ್ಳಿಯ ಕಾಲು ಒಪ್ಪಿಸುತ್ತಾರೆ. ನಾನು ಏನು ಮಾಡಿಸಲಿ? ಅಕ್ಕಸಾಲಿಗನ ಮುಂದೆ ನಿಂತು ಬಾಯಿಬಿಟ್ಟು ಹೇಳುವಂಥ ರೋಗ ನನ್ನದಲ್ಲ. ನನಗೆ ಬಂದದ್ದು ಉರಿಮೂತ್ರ. ಹೇಳಿಯೇ ಬಿಟ್ಟೆ. ಓದಿ ಮೂಗು ಮುರಿಯುವವರು ಮುರಿಯಲಿ. ನಾಚಿಕೆಗೆ ಸುಮ್ಮನಿದ್ದು ಒಂದು ಕೂಸನ್ನು ಕಳೆದುಕೊಂಡವಳಿಗೆ ಇನ್ನು ಯಾರ ಮೂಗಿನ ಚಿಂತೆಯೂ ಇಲ್ಲ.

ನನ್ನ ತವರು ತಿರುಮಕೂಡಲು ನರಸೀಪುರ. ಕೊಟ್ಟದ್ದು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿಗೆ. ಮೊದಲ ಬಸಿರಿನಲ್ಲಿಯೇ ಉರಿ ಕಾಣಿಸಿತು. ಆಮೇಲೆ ಸೊಂಟದ ಮೇಲುಗಡೆ ನೋವು, ಅದರ ಹಿಂದೆಯೇ ಗಡಗಡ ನಡುಗಿಸುವ ಜ್ವರ. ಪ್ಲೇಗಿನ ಹೆದರಿಕೆ ಇನ್ನೂ ಹೋಗಿರದ ಕಾಲ ಅದು. ನೆರೆಮನೆಯವರು ಬಾಗಿಲು ಹಾಕಿಕೊಂಡರು. ತಿಂಗಳು ತುಂಬುವ ಮೊದಲೇ ಹೆತ್ತೆ. ಕೂಸು ಅಳಲೇ ಇಲ್ಲ. ಎರಡನೆಯ ಸಲ ಬಸಿರಾದೆ. ಹೊಟ್ಟೆ ಕಾಣಿಸುವ ಹೊತ್ತಿಗೆ ಅದೇ ಉರಿ ಮತ್ತೆ ಶುರುವಾಯಿತು.

ಊರಿನಲ್ಲಿ ಮದ್ದು ಹೇಳುವವರಿಗೇನು ಬರವೇ? "ಉಸ್ಣ ಕಣವ್ವ, ಬರೀ ಉಸ್ಣ" ಎಂದರು ಒಬ್ಬರು. ನೆತ್ತಿಗೆ ಹರಳೆಣ್ಣೆ ಹಾಕು ಎಂದರು ಇನ್ನೊಬ್ಬರು. ನೆಗ್ಗಿಲುಮುಳ್ಳಿನ ಕಷಾಯ ಮಾಡಿಕೊಟ್ಟ ಪುಣ್ಯಾತಗಿತ್ತಿ, ಅದೂ ಒಂದು ಗುಟುಕು ಸಾಕು ಎಂದಳು. ನೀನು ನೀರು ಎಷ್ಟು ಕುಡಿಯುತ್ತೀ ಎಂದು ಒಬ್ಬರೂ ಕೇಳಲಿಲ್ಲ. ಕೇಳುವುದೇಕೆ? ನಮ್ಮ ಬೀದಿಯ ಯಾವ ಸೊಸೆಯೂ ಹಗಲಲ್ಲಿ ನೀರು ಕುಡಿಯುವವಳಲ್ಲ. ಹೆಂಗಸರು ಹೊರಗೆ ಹೋಗುವುದು ಕೋಳಿ ಕೂಗುವ ಮೊದಲು, ಇಲ್ಲವೇ ದೀಪ ಹಚ್ಚಿದ ಮೇಲೆ. ನಡುಹಗಲಲ್ಲಿ ಚೊಂಬು ಹಿಡಿದು ಹೊರಟರೆ ಜಗುಲಿಯ ಮೇಲಿರುವ ಗಂಡಸರೆಲ್ಲ ಎಲೆ ಅಡಿಕೆ ಬಿಟ್ಟು ಇವಳನ್ನೇ ನೋಡಬೇಕು. ಅದಕ್ಕೆ ಬಾಯಾರಿಕೆ ನುಂಗಿಕೊಂಡು, ಹೊಟ್ಟೆಯೊಳಗಿನದನ್ನು ಬಿಗಿಹಿಡಿದುಕೊಂಡು ಸಂಜೆಯನ್ನು ಕಾಯುವುದೇ ನಮ್ಮ ಮನೆತನದ ಮರ್ಯಾದೆ. ಬೆಂಕಿ ಬಿತ್ತು ಅಂಥ ಮರ್ಯಾದೆಗೆ.

ಇದು ಸಾಲದೆಂದು ನಮ್ಮ ಅತ್ತೆ ಒಂದು ಹರಕೆ ಹೊತ್ತರು. ಸೊಸೆ ವಾಸಿಯಾಗುವ ತನಕ ಸೋಮವಾರ ಹೊತ್ತು ಹುಟ್ಟಿದಾಗಿನಿಂದ ದೀಪ ಹಚ್ಚುವ ತನಕ ಅವಳ ತುಟಿಗೆ ನೀರು ಸೋಕಿಸುವುದಿಲ್ಲ ಎಂದು. ಹರಕೆ ಹೊತ್ತವರು ಅವರು, ಬಾಯಿ ಒಣಗಿಸಿಕೊಳ್ಳಬೇಕಾದವಳು ನಾನು! ಉರಿ ಹೆಚ್ಚಾಯಿತು. "ಬಕ್ತಿ ಸಾಲ್ದು ಕಣಮ್ಮಿ" ಎಂದು ಶುಕ್ರವಾರವನ್ನೂ ಸೇರಿಸಿದರು. ಇನ್ನೂ ಹೆಚ್ಚಾಯಿತು. ಕಾರ್ತೀಕ ಬಂದಾಗ ತಿಂಗಳು ಪೂರ್ತಿ ಹರಕೆ ಎಂದರು. ಅತ್ತೆ ಕೆಟ್ಟವರಲ್ಲ. ಹೋದ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ನನಗಿಂತ ಹೆಚ್ಚು ಅತ್ತವರು ಅವರೇ. ಆದರೆ ಬೆಂಕಿಗೆ ಸೌದೆ ಒಟ್ಟುತ್ತ ಆರಲಿಲ್ಲವಲ್ಲ ಎಂದು ಗೋಳಾಡುವವರಿಗೆ ಏನು ಹೇಳೋಣ?

ನಮ್ಮ ಯಜಮಾನರು ಕಡೆಗೂ ಗಾಡಿ ಕಟ್ಟಿ ನರಸೀಪುರದ ಡಾಕ್ಟರ ಹತ್ತಿರ ಕರೆದೊಯ್ದರು. ನನ್ನನ್ನು ತೆರೆಯ ಈಚೆ ಕೂರಿಸಿ ಆಚೆ ತಾವು ನಿಂತರು. "ಏನು ತೊಂದರೆ?" ಎಂದರು ಡಾಕ್ಟರು. ಇವರು ತಲೆ ಕೆರೆದುಕೊಂಡು, "ಒಟ್ಟೆ ನೋವು ಸಾ" ಎಂದರು. ಡಾಕ್ಟರು ಹೊಟ್ಟೆನೋವಿನ ಪುಡಿ ಕಟ್ಟಲು ಹೊರಟರು. ನನಗೆ ರೇಗಿ ಹೋಯಿತು. ಎತ್ತಿಗೆ ಜ್ವರ ಅಂದರೆ ಎಮ್ಮೆಗೆ ಬರೆ ಹಾಕಿಸಿಕೊಂಡು ಬರುವ ಗಂಡಸು ಇವರು. ತೆರೆಯ ಹಿಂದಿನಿಂದಲೇ ಕೂಗಿದೆ: "ಹೊಟ್ಟೆನೋವಲ್ಲ ಸ್ವಾಮಿ, ಉರಿಮೂತ್ರ! ಹೋದ ಸಲ ಇದೇ ಬಂದು ಕೂಸು ಹೋಯ್ತು!"

ಡಾಕ್ಟರು ಎಲ್ಲವನ್ನೂ ಕೇಳಿ ತಿಳಿದುಕೊಂಡು ಒಂದು ಸೀಸೆ ಔಷಧ ಕೊಟ್ಟರು. "ಔಷಧದ ಜೊತೆಗೆ ದಿನವೆಲ್ಲ ನೀರು ಕುಡಿಯಬೇಕಮ್ಮ. ಬಂದಾಗ ತಡೆಯಬಾರದು. ತಡೆದರೆ ರೋಗ ಮೇಲಕ್ಕೇರುತ್ತದೆ. ಈ ಮಗುವೂ ಉಳಿಯುವುದು ಕಷ್ಟ" ಎಂದರು.

ದಾರಿಯುದ್ದಕ್ಕೂ ಯಜಮಾನರದು ಒಂದೇ ರಾಗ. "ಅವ್ವಂಗೆ ಎಂಗೆ ಏಳಾದು?" ನಾನೇ ಹೇಳಿದೆ. ಅತ್ತೆ ಕೆನ್ನೆ ಬಡಿದುಕೊಂಡರು. "ಅರಕೆ ಮುರುದ್ರೆ ಕೂಸ್ನ ಮ್ಯಾಲೆ ಬತ್ತದೆ ಕಣವ್ವ. ಡಾಕುಟ್ರು ನಂಜುಂಡಪ್ಪನಿಗಿಂತ ದೊಡ್ಡೋರಾ?" ನಿಜ ಹೇಳುತ್ತೇನೆ, ಆ ಮಾತಿಗೆ ನಾನೂ ಹೆದರಿದೆ. ಔಷಧವನ್ನು ದೀಪ ಹಚ್ಚಿದ ಮೇಲೆ ಮಾತ್ರ ಕುಡಿದೆ. ಮತ್ತೆ ನಡುಕದ ಜ್ವರ ಬಂತು. ಹೊಟ್ಟೆಯೊಳಗೆ ಮಗುವಿನ ಮಿಸುಕಾಟ ಕಡಿಮೆಯಾದ ಹಾಗೆ ಅನ್ನಿಸಿ ಎದೆ ಒಡೆದು ಹೋಯಿತು.

ಸೋಮವಾರ ಅತ್ತೆ ನನ್ನನ್ನು ಗಾಡಿಯಲ್ಲಿ ಮಲಗಿಸಿಕೊಂಡು ನಂಜನಗೂಡಿಗೆ ಕರೆತಂದರು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಗುಡಿಯ ಕಂಬ ಹಿಡಿದು ನಿಂತು, ಕೈಮುಗಿಯುವುದನ್ನೂ ಮರೆತು ಆ ದೇವರನ್ನೇ ಬೈದೆ. "ಅಪ್ಪಾ, ನಂಜು ಕುಡಿದವನು ನೀನು. ಉರಿ ಅಂದರೆ ಏನೆಂದು ನಿನಗೂ ಗೊತ್ತಿಲ್ಲವೇ? ನೀನೂ ಗಂಡಸೇ ತಾನೆ, ನಿನಗೇನು ತಿಳಿದೀತು!"

ಬೈದು ಕಣ್ಣೆತ್ತಿದೆ. ಲಿಂಗದ ಮೇಲೆ ಧಾರೆಯ ಪಾತ್ರೆ ತೂಗುತ್ತಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಹುಟ್ಟಿದಾಗಿನಿಂದ ನೋಡಿದ್ದೆ, ಅಂದು ಮಾತ್ರ ಕಂಡಿತು. ಅರ್ಚಕರನ್ನು ಕೇಳಿದೆ: "ಸ್ವಾಮೀ, ಆ ನೀರನ್ನು ಯಾವಾಗ ನಿಲ್ಲಿಸುತ್ತೀರಿ?"

"ನಿಲ್ಲಿಸೋದುಂಟೇನಮ್ಮ? ವಿಷ ಕುಡಿದು ಉರೀತಿರೋನು. ಧಾರೆ ಬೀಳ್ತಾನೇ ಇರಬೇಕು" ಎಂದರು ಅವರು.

ನಾನು ಅತ್ತೆಯ ಕಡೆ ತಿರುಗಿದೆ. "ಕೇಳಿದಿರಾ ಅತ್ತೆ? ಉರಿ ಬಂದ ದೇವರಿಗೆ ಹಗಲೂ ನೀರು. ಉರಿ ಬಂದ ಸೊಸೆಗೆ ನೀರು ಬೇಡವೇ? ಇದು ಯಾವ ದೇವರ ಹರಕೆ?"

ಅತ್ತೆ ಧಾರೆಯನ್ನೇ ನೋಡುತ್ತ ನಿಂತರು. ಆಮೇಲೆ ತೀರ್ಥಕ್ಕೆಂದು ತಂದ ಚೊಂಬನ್ನು ನನ್ನ ಕೈಗೆ ಕೊಟ್ಟು, "ಕುಡಿ ಮಗಾ. ತೆಪ್ಪಾಗಿದ್ರೆ ನನ್ ತಲೆ ಮ್ಯಾಲೆ ಇರ್ಲಿ" ಎಂದರು. ನಾನು ಗಟಗಟ ಕುಡಿದೆ. ಅಷ್ಟು ರುಚಿಯ ನೀರನ್ನು ನಾನು ಮತ್ತೆ ಕುಡಿದಿಲ್ಲ.

ಕುಡಿದದ್ದಾಯಿತು, ಇನ್ನು ಹೋಗುವುದೆಲ್ಲಿಗೆ? ಊರಾಚೆ ಗಾಡಿ ನಿಲ್ಲಿಸಿ ಅತ್ತೆಯೇ ಕಂಬಳಿ ಬಿಚ್ಚಿ ಮರೆ ಹಿಡಿದರು. ದಾರಿಹೋಕನೊಬ್ಬ ತಿರುಗಿ ನೋಡಿದ್ದಕ್ಕೆ, "ಏನ್ಲಾ ನೋಡೀಯೆ? ನಿನ್ನ ಎತ್ತೋಳು ಎಂಗಸಲ್ವಾ? ನಡಿ ಮುಂದಕ್ಕೆ!" ಎಂದು ಗದರಿದರು. ಆ ನೋವಿನಲ್ಲಿಯೂ ನನಗೆ ನಗು ಬಂತು.

ಊರಿಗೆ ಬಂದವರೇ ಹಿತ್ತಿಲಲ್ಲಿ ಹೆಂಗಸರ ಮರೆಗೆಂದು ತೆಂಗಿನ ಗರಿಯ ತಡಿಕೆ ಕಟ್ಟಿಸಿದರು. ಮನೆಯ ಅಂದ ಕೆಡುತ್ತದೆ ಎಂದು ಮಾವ ಗೊಣಗಿದರು. "ನೀವು ಒಂದಿನ ತಡ್ಕಂಡು ಕೂತ್ಕಳಿ, ಆಮ್ಯಾಕೆ ಅಂದದ ಮಾತಾಡಿ" ಎಂದರು ಅತ್ತೆ. ಔಷಧವನ್ನು ಹೇಳಿದ ಹೊತ್ತಿಗೆ ತಾವೇ ಕುಡಿಸಿದರು. ಜೀರಿಗೆ ಹಾಕಿ ಕಾಯಿಸಿ ಆರಿಸಿದ ನೀರಿನ ಚೊಂಬು ಹಿಡಿದು ನನ್ನ ಹಿಂದೆಯೇ ತಿರುಗಿದರು. ಜ್ವರ ಬಿಟ್ಟಿತು. ಉರಿಯೂ ಆರಿತು. ತಿಂಗಳು ತುಂಬಿ ತವರಿನಲ್ಲಿ ಹೆಣ್ಣುಮಗು ಹುಟ್ಟಿತು. ಮೂರು ಕೇರಿಗೆ ಕೇಳುವಂತೆ ಅತ್ತಿತು. ಅದರ ಅಳು ಕೇಳಿ ನಾನೂ ಅತ್ತುಬಿಟ್ಟೆ. ನಂಜಮ್ಮ ಎಂದು ಹೆಸರಿಟ್ಟೆವು.

ತಂದೆಯೇ, ಬೈದ ಬಾಯಿಗೂ ನೀರು ಕೊಟ್ಟೆ. ನಿನ್ನನ್ನು ನಂಬಿದವಳು ಇನ್ನು ಅಲುಗುವುದಿಲ್ಲ.

ಈಗ ನಮ್ಮ ಬೀದಿಯ ಸೊಸೆಯಂದಿರು ಹಗಲಲ್ಲಿ ನಮ್ಮ ಹಿತ್ತಿಲಿಗೆ ಬರುತ್ತಾರೆ. ಬಂದವಳನ್ನು ಅತ್ತೆ ಒಂದು ಚೊಂಬು ನೀರು ಕುಡಿಸದೆ ಕಳಿಸುವುದಿಲ್ಲ. ದೇವರಿಗೆ ಬೆಳ್ಳಿಯಲ್ಲಿ ಏನು ಮಾಡಿಸಿ ಒಪ್ಪಿಸಿದೆ ಎಂದು ನನ್ನನ್ನು ಯಾರೂ ಕೇಳಬೇಡಿ. ಹದಿನಾರಿಗೆ ಬಂದರೆ ನಮ್ಮ ಹಿತ್ತಿಲನ್ನು ನೋಡಿ. ನಂಜುಂಡನಿಗೆ ನಾವು ಒಪ್ಪಿಸಿದ ಹರಕೆ ಅಲ್ಲಿ ತೆಂಗಿನ ಗರಿಯಲ್ಲಿ ನಿಂತಿದೆ.