ತಾಡಪಾಲಿನ ಮನೆಯೊಡತಿ ವಿನೋದಾ

ಮನ್ಮನೆಯ ವಿನೋದಾ ಹೆಗಡೆಯವರ ಸಂತಾಪ ಸಭೆಯಲ್ಲಿ ಅವರ ತಮ್ಮ ವೆಂಕಟ್ರಮಣರು, ‘ಪಾಪ, ನೆಲೆ ಸಿಗದೆ ಬಯಲಿನಲ್ಲಿ ಮಲಗಿದ ಜೀವ’ ಎಂದು ಕಣ್ಣೊರೆಸಿಕೊಂಡರು. ಅದು ಶುದ್ಧ ಸುಳ್ಳು. ಭೂಮಾಪನ ಇಲಾಖೆಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ನನಗೆ, ಕಣ್ಣಾರೆ ಕಂಡ ಸಂಗತಿಯನ್ನು ಯಾರಾದರೂ ತಮ್ಮ ಅನುಕೂಲಕ್ಕೆ ತಿದ್ದಿದರೆ ಸಹಿಸಲಾಗದು. ಆಕೆ ಬಯಲಿನಲ್ಲಿ ಮಲಗಿದ್ದು ನಿಜ. ಆದರೆ ಬೇಕೆಂದೇ ಮಲಗಿದ್ದರು.

ಸಿದ್ದಾಪುರ ತಾಲೂಕಿನ ಮನ್ಮನೆಯಲ್ಲಿ ಆಕೆಗೆ ಮನೆಯಿತ್ತು, ತೋಟವಿತ್ತು, ಅಕ್ಕರೆಯ ಮಗ ಸಂದೇಶನಿದ್ದ. ಶಿರಸಿಯಲ್ಲಿ ತಮ್ಮನ ದೊಡ್ಡ ಮನೆಯೂ ಇತ್ತು. ತೊಂದರೆಯಿದ್ದದ್ದು ಆ ಮನೆಯಲ್ಲಿಯೇ. ಮಾರಿಕಾಂಬಾ ಜಾತ್ರೆಯಿಲ್ಲದ ವರ್ಷದ ಹೋಳಿ ಹಬ್ಬಕ್ಕೆ ಶಿರಸಿಯ ಬೀದಿಗಳಲ್ಲಿ ಬೇಡರ ವೇಷ ಕುಣಿಯುತ್ತದೆ. ಬೆನ್ನಿಗೆ ನವಿಲುಗರಿ ಕಟ್ಟಿದ ವೇಷಧಾರಿ ಕತ್ತಿ ಝಳಪಿಸುತ್ತ ಮುನ್ನುಗ್ಗಿದರೆ, ಸೊಂಟಕ್ಕೆ ಬಿಗಿದ ಹಗ್ಗವನ್ನು ಇಬ್ಬರು ಹಿಂದಿನಿಂದ ಜಗ್ಗಿ ಹಿಡಿಯುತ್ತಾರೆ. ತಮಟೆಯ ಪೆಟ್ಟು ಓಣಿಯ ತುದಿಯವರೆಗೂ ಕೇಳುತ್ತದೆ. ಅದನ್ನು ನೋಡಲೆಂದೇ ವಿನೋದಾ ತಮ್ಮನ ಮನೆಗೆ ಬರುತ್ತಿದ್ದರು. ಬಂದಾಗಲೆಲ್ಲ ನೆಂಟರ ಸಾಲು, ಕಣಕ, ಹೂರಣ, ಕಾದ ಹಂಚು. ವೇಷ ಊರು ಸುತ್ತಿ ಮುಗಿಸಿದರೂ ಆಕೆ ಹೋಳಿಗೆ ಮಗುಚುತ್ತಲೇ ಇರುತ್ತಿದ್ದರು.

೨೦೦೧ರ ಹೋಳಿ ಹಬ್ಬಕ್ಕೆ, ಅರವತ್ತು ದಾಟಿದ ಆಕೆ, ಅಡಕೆ ಒಣಗಿಸುವ ತಾಡಪಾಲನ್ನು ಸುರುಳಿ ಸುತ್ತಿ ಹಿಡಿದುಕೊಂಡು ಶಿರಸಿಗೆ ಒಬ್ಬರೇ ಬಂದರು. ಬಸ್ಸು ಹತ್ತಿಸಿದವನು ಸಂದೇಶನೇ. ಇಳಿದವರು ನೇರವಾಗಿ ನಮ್ಮ ನೆರೆಯ, ಹೂ ಮಾರುವ ನೀಲಗಂಗವ್ವನ ಖಾಲಿ ಹಿತ್ತಲಿಗೆ ಬಂದು ಅನುಮತಿ ಕೇಳಿದರು.

‘ಎಲ್ಲಿ ಬೇಕಾದ್ರೂ ಹೂಡ್ರಿ ಅಕ್ಕಾರ, ನನ್ನ ಮಲ್ಲಿಗಿ ಬಳ್ಳಿ ಒಂದು ತುಳೀಬ್ಯಾಡ್ರಿ’ ಎಂದಳು ಬನವಾಸಿ ಕಡೆಯ ನೀಲಗಂಗವ್ವ.

ಎರಡು ಮರಗಳ ನಡುವೆ ಹಗ್ಗ, ಹಗ್ಗದ ಮೇಲೆ ತಾಡಪಾಲು, ಒಳಗೊಂದು ಚಾಪೆ, ಕಂದೀಲು, ಮಜ್ಜಿಗೆಯ ಪಾತ್ರೆ, ಎಲೆಯಡಕೆಯ ಕವಳದ ಬಟ್ಟಲು. ಗೂಟಗಳು ಒಂದೇ ರೇಖೆಯಲ್ಲಿರಲಿಲ್ಲ. ಬೇಲಿಯಾಚೆಯಿಂದ ನಾನು ಹೇಳಿಯೂ ನೋಡಿದೆ. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಊರಿನಲ್ಲಿ ಒಡಹುಟ್ಟಿದವರ ಮನೆಯಿದ್ದೂ ಬೇರೆಡೆ ತಂಗಿದರೆ, ಜಗಳವಾಗಿದೆಯೆಂದು ನಮ್ಮ ಸೀಮೆಯಲ್ಲಿ ಡಂಗುರ ಸಾರಿದಂತೆ. ಸಂಜೆಯಾಗುವ ಮೊದಲೇ ವೆಂಕಟ್ರಮಣರು ಕೆಂಡವಾಗಿ ಬಂದರು.

‘ಎಂತದೇ ಅಕ್ಕಾ ಇದು! ಯಮ್ಮನೆ ಇದ್ದು, ನೀನು ಸರ್ಕಸ್ಸಿನವ್ರ ಹಾಂಗೆ ಡೇರೆ ಹಾಕ್ಯಂಡು ಕೂತ್ರೆ ಜನ ಎಂತ ಹೇಳ್ತ?’

‘ಸರ್ಕಸ್ಸಿನವ್ರು ಟಿಕೇಟು ಕೇಳ್ತ, ಆನು ಕೇಳಿದ್ನಿಲ್ಲೆ. ಒಳಗೆ ಬಾ ತಮ್ಮಾ.’

‘ಒಳಗೆ ಬಪ್ಲೆ ಇದೆಂತ ಮನೆಯಾ? ಈಗ್ಲೇ ಬಿಚ್ತೆ ನೋಡು!’

‘ಬಿಚ್ಚು. ಬಿಸ್ಲಲ್ಲಿ ಬಂದವ, ಮೊದ್ಲು ಆಸ್ರಿಗೆ ಕುಡಿ.’

ಹುಟ್ಟಿನಿಂದ ಬಂದ ರೂಢಿ ಕೋಪವನ್ನು ಕೇಳುವುದಿಲ್ಲ. ವೆಂಕಟ್ರಮಣರು ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ ಒಳಹೊಕ್ಕು, ಚಾಪೆಯ ಮೇಲೆ ಕುಳಿತು ಮಜ್ಜಿಗೆ ಕುಡಿದರು. ಬಟ್ಟಲು ಮುಂದೆ ಬಂದಾಗ ಎಲೆಗೆ ಸುಣ್ಣ ಸವರಿ, ಅಡಕೆಯಿಟ್ಟು, ಮಡಚಿ ಬಾಯಿಗೆ ಹಾಕಿಕೊಂಡರು. ಅದನ್ನೇ ಕಾಯುತ್ತಿದ್ದ ವಿನೋದಾ ಬಟ್ಟಲನ್ನು ಹಿಂದಕ್ಕೆಳೆದುಕೊಂಡರು.

‘ಚಪ್ಲಿ ಬಿಟ್ಟೆ, ಆಸ್ರಿಗೆ ಕುಡ್ದೆ, ಕವಳ ಹಾಕ್ದೆ. ಈಗ ಇದು ಯನ್ನ ಮನೆ ಆತು, ನೀನು ನೆಂಟ. ಬಿಚ್ಚು ನೋಡನ!’

ಉಂಡ ಮನೆಯನ್ನು ಕೀಳುವ ನೆಂಟ ನಮ್ಮಲ್ಲಿ ಹುಟ್ಟಿಲ್ಲ. ಉತ್ತರ ಕೊಡೋಣವೆಂದರೆ ಬಾಯಿ ತುಂಬ ಕವಳ. ಅವರು ‘ಉಂ, ಉಂ’ ಎಂದು ನನ್ನತ್ತ ಕೈಯಾಡಿಸಿದರು. ನಾನು ಅಲುಗಾಡಲಿಲ್ಲ.

‘ಉಗುಳಾಕ ಹೊರಗ ಬರ್ರಿ ಸಾವ್ಕಾರ್ರ, ಅಕ್ಕಾರ ಮನಿ ಹೊಲಸು ಮಾಡಬ್ಯಾಡ್ರಿ!’ ಎಂದು ನೀಲಗಂಗವ್ವ ನಕ್ಕಳು.

ಬೇಲಿಯ ಬಳಿ ಉಗುಳಿ ಬಂದ ಮೇಲೆ ಅವರ ದನಿ ಇಳಿದಿತ್ತು. ‘ಅದಲ್ದೇ ಅಕ್ಕಾ, ನಾಳಂಗೆ ಇಪ್ಪತ್ತು ಜನ ನೆಂಟ್ರು. ಹೋಳಿಗೆ ಯಾರು ಮಾಡ್ತ?’

ನಿಜವಾದ ಸಂಕಟ ಅದೇ ಆಗಿತ್ತು, ಜನರ ಮಾತಲ್ಲ.

‘ಹಂಚು ನಿಮ್ಮನೇಲೇ ಇದ್ದು. ನಿಂಗೂ ಎರಡು ಕೈ ಇದ್ದು’ ಎಂದು ವಿನೋದಾ ಸೆರಗು ಸಿಕ್ಕಿಸಿ ಎದ್ದರು. ದೀಪ ಹಚ್ಚುವ ಹೊತ್ತಾಗಿತ್ತು. ಕೆಳಗಿನ ಓಣಿಯಿಂದ ತಮಟೆ ಕೇಳತೊಡಗಿತ್ತು.

ನಾನೂ ಹಿಂದೆಯೇ ಹೋದೆ. ಬೇಡರ ವೇಷದವನು ಕತ್ತಿಯೆತ್ತಿ ನುಗ್ಗಿದಾಗ ಗಂಡಸರು ಹಿಂದೆ ಸರಿದರು, ನಾನೂ ಸರಿದೆ. ಆಕೆ ನಿಂತಲ್ಲೇ ನಿಂತು, ಅಂಗೈಯಿಂದ ತೊಡೆಯ ಮೇಲೆ ತಮಟೆಯ ಪೆಟ್ಟನ್ನು ಒಂದೂ ತಪ್ಪದಂತೆ ಹಾಕುತ್ತಿದ್ದರು.

ಮುಂದೆ ಯಲ್ಲಾಪುರದ ಸಂಗೀತೋತ್ಸವಗಳಿಗೂ ಅದೇ ತಾಡಪಾಲು ಹೋಯಿತು. ನೆಲೆ ಸಿಗದ ಜೀವವಂತೆ! ವೆಂಕಟ್ರಮಣರಿಗೆ ನೆನಪಾಗದಿದ್ದರೆ ಬರಲಿ. ಅವರು ನೆಂಟರಾಗಿ ಕುಳಿತು ಕವಳ ಹಾಕಿದ ಜಾಗವನ್ನು ಇಂದಿಗೂ ಅಳೆದು ತೋರಿಸುತ್ತೇನೆ.