ಕಾಡಿನ ವಾರ ಹಂಚಿದ ಅಕ್ಕ

ಗುಡ್ಡದ ಸುತ್ತಲಿನ ಐದೂರಿಗೂ ಅವಳು ಸಂಧಾನದಕ್ಕ. ಊರಿಗೊಂದು ಕಾಡು ಸಂಘ, ಸಂಘಕ್ಕೊಂದು ಕಾಡಿನ ತುಂಡು, ತುಂಡಿಗೊಂದು ಜಗಳ. ಒಬ್ಬರ ಹೊರೆ ಇನ್ನೊಬ್ಬರು ಚೆಲ್ಲುವುದು, ಕತ್ತಿ ಕಿತ್ತುಕೊಳ್ಳುವುದು ನಡೆದೇ ಇತ್ತು. ಅವಳು ಜಗಲಿಯಿಂದ ಜಗಲಿಗೆ ಹೋಗಿ ಕೂತು, ಹೆಚ್ಚು ಕೇಳಿ ಕಡಿಮೆ ಆಡಿ, ಐದೂ ಸಂಘದವರನ್ನು ಒಂದೇ ಜಮಖಾನದ ಮೇಲೆ ಕೂರಿಸಿದಳು. “ಈ ಅಕ್ಕನ ಕೈಗೆ ಕೊಟ್ರೆ ಹಾವು ಮುಂಗುಸಿನೂ ಒಂದೇ ಬುಟ್ಟೀಲಿ ಮಲಗ್ತವೆ” ಎಂದು ಕಮ್ಮಾರ ನಗುತ್ತಿದ್ದ.

ಅವಳ ಮನೆಯ ಜಗಳವೊಂದೇ ಅವಳ ಕೈಗೆ ಬಗ್ಗಲಿಲ್ಲ. ಒಡಹುಟ್ಟಿದ ತಂಗಿಯನ್ನು ಕೊಟ್ಟಿದ್ದು ಗುಡ್ಡದಾಚೆಯ ಊರಿಗೆ. ಷಡ್ಡಕರಿಬ್ಬರೂ ಒಂದು ಹೋರಿಯ ವಿಷಯಕ್ಕೆ ಮುಖ ಮುರಿದುಕೊಂಡು, ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯಬಾರದೆಂದಾಗಿತ್ತು. ಸಂಘದ ಕೆಲಸಕ್ಕೆ ಆ ಊರಿಗೆ ಹೋದಾಗಲೂ ಅವಳು ತಂಗಿಯ ಬಾಗಿಲನ್ನು ತಲೆ ತಗ್ಗಿಸಿ ದಾಟುತ್ತಿದ್ದಳು. ಅಕ್ಕತಂಗಿಯರಿಗೆ ಉಳಿದದ್ದು ಕಾಡು ಒಂದೇ. ಸೌದೆಗೆ ಬಂದಾಗ ಎರಡೂರ ಗಡಿಯಲ್ಲಿ ಕೂತು, ಬುತ್ತಿ ಬಿಚ್ಚಿ, ಒಬ್ಬರ ತಲೆ ಒಬ್ಬರು ಬಾಚಿ, ಅತ್ತು ನಕ್ಕು ಹೋಗುತ್ತಿದ್ದರು. ಗಂಡಂದಿರಿಗೆ ಗೊತ್ತಿರಲಿಲ್ಲವೆಂದಲ್ಲ. ಒಲೆಗೆ ಸೌದೆ ಬೇಡ ಎನ್ನುವ ಧೈರ್ಯ ಯಾವ ಗಂಡಸಿಗಿದೆ?

ಆ ಬೇಸಿಗೆಯಲ್ಲಿ ಗಡಿಯ ಒಣಸೌದೆಗಾಗಿ ಅದೇ ಎರಡೂರ ಹೆಂಗಸರು ಹೊಡೆದಾಡಿ, ಒಬ್ಬಳ ಬೆರಳು ತುಂಡಾಯಿತು. ಸಭೆ ಸೇರಿತು. ಯಾರಿಗೂ ದಾರಿ ತೋಚದಾಗ ಅವಳೇ ಹೇಳಿದಳು, “ವಾರ ಹಂಚ್ಕೊಳ್ಳೋಣ. ಮಂಗಳವಾರ ನಾವು, ಶುಕ್ರವಾರ ಅವರು. ಎದುರಾದ್ರೆ ತಾನೆ ಜಗಳ?”

ಎಲ್ಲರೂ ತಲೆದೂಗಿದರು. ಹಿಂದಿರುಗುವಾಗ ಕಮ್ಮಾರನ ಹೆಂಡತಿ, “ಪುಣ್ಯ ಕಟ್ಕೊಂಡೆ ಕಣಕ್ಕ. ಇನ್ನು ಕಾಡಲ್ಲಿ ಆ ಊರವರ ಮುಖ ನೋಡೋ ಹಾಗಿಲ್ಲ” ಎಂದಾಗಲೇ ಅವಳಿಗೆ ಹೊಳೆದದ್ದು, ತಂಗಿಯೂ ಆ ಊರವಳೇ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಜಗಳ ನಿಂತಿತು. ಉಳಿದ ಊರಿನವರೂ ಅದೇ ಕಟ್ಟಳೆ ಹಿಡಿದರು. ನನಗೊಬ್ಬಳಿಗೆ ಬಿಡಿ ಎಂದು ಅವಳು ಯಾವ ಬಾಯಲ್ಲಿ ಕೇಳಬೇಕು? ಮಳೆಗಾಲ ಕಳೆಯುವ ಹೊತ್ತಿಗೆ ತಂಗಿ ಹಾಸಿಗೆ ಹಿಡಿದಿದ್ದಾಳೆಂಬ ಸುದ್ದಿ ಬಂತು. ಶುಕ್ರವಾರ ಅವಳು ಕತ್ತಿಯಿಲ್ಲದೆ, ಹಗ್ಗವಿಲ್ಲದೆ ಗಡಿಗೆ ಹೋಗಿ ನಿಂತಳು. ಸೌದೆಗೆ ಬಂದದ್ದು ತಂಗಿಯ ಸೊಸೆ.

“ದೊಡ್ಡತ್ತೆ, ನೀವು ಬಂದೇ ಬರ್ತೀರ ಅಂತ ಅತ್ತೆ ಹೇಳಿದ್ರು.”

“ಹೇಗಿದಾಳೆ?”

“ಎದ್ದು ಕೂರೋಕಾಗಲ್ಲ. ಗಂಜಿನೂ ಇಳೀತಿಲ್ಲ.”

“ನಿಮ್ಮ ಮಾವನ ಕಾಲಿಗಾದ್ರೂ ಬೀಳ್ತೀನಿ ಕಣೇ. ಒಂದ್ಸಲ ನೋಡ್ತೀನಿ.”

“ಮಾವ ಬಾಗಿಲಲ್ಲೇ ಮಂಚ ಹಾಕ್ಕೊಂಡಿದಾರೆ.” ಸೊಸೆ ತಲೆ ತಗ್ಗಿಸಿದಳು. “ಇಲ್ಲಿಗೂ ಬರಬೇಡಿ ಅಂದ್ರು ಅತ್ತೆ. ‘ನಮ್ಮ ವಾರದಲ್ಲಿ ಅಕ್ಕನ್ನ ಯಾರಾದ್ರೂ ಕಂಡ್ರೆ, ಮಾಡಿದವಳೇ ಮುರಿದ್ಲು ಅಂತಾರೆ. ಐದೂರೂ ಮತ್ತೆ ಕತ್ತಿ ಎತ್ತುತ್ತವೆ. ಅಕ್ಕನ ಹೆಸರು ಕೆಡಬಾರದು’ ಅಂದ್ರು.”

ಸೊಸೆ ಸೌದೆ ಆರಿಸಿ ಕಟ್ಟಿದಳು. ಅಕ್ಕ ಹೊರೆಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ತಲೆಯ ಮೇಲಿಟ್ಟು, ಸಿಂಬಿ ಸರಿಮಾಡಿದಳು.

“ಬಿಸಿನೀರು ಕಾಯಿಸಿ ಅವಳ ಮೈ ಒರೆಸು. ಬೆನ್ನು ಮೆಲ್ಲಗೆ ಒರೆಸಮ್ಮ.”

ಸೊಸೆ ಮರೆಯಾದ ಮೇಲೆ, ದೂರದಲ್ಲಿ ಆ ಊರ ಹೆಂಗಸರ ಮಾತು ಕೇಳಿಸಿತು. ಸಂಧಾನದಕ್ಕ ಸೆರಗು ಮುಖಕ್ಕೆಳೆದುಕೊಂಡು, ಕಳ್ಳಿಯ ಹಾಗೆ ಹಳ್ಳದ ದಾರಿ ಹಿಡಿದು ಇಳಿದಳು.