ಎಬ್ಬಿಸುವ ಮಾತು, ಏಳುವ ಮಾತು

ಆ ವಾರ್ಡಿನ ಆಯಾಳನ್ನು ಡಾಕ್ಟರಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ರೋಗಿಯ ಕಂಕುಳಿಗೆ ಕೈಕೊಟ್ಟು, ಮಂಡಿಗೆ ಮಂಡಿ ಆನಿಸಿ ಎಬ್ಬಿಸುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಲಕ್ವ ಹೊಡೆದ ದರ್ಜಿ ಅಜ್ಜಿ ಬಂದಾಗ ಅವಳಿಗೂ ಪೀಕಲಾಟವಾಯಿತು. ಸ್ಪೇನಿನಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಗೆ ಸ್ಪ್ಯಾನಿಷ್ ಬಿಟ್ಟು ಬೇರೇನೂ ಬಾರದು. ಮುಟ್ಟಿದರೆ ಸಾಕು, ಹೆದರಿ ಮೈಯೆಲ್ಲ ಬಿಗಿ ಮಾಡಿಕೊಳ್ಳುತ್ತಿದ್ದಳು.

ಇಲ್ಲಿಯವರನ್ನೇ ಮದುವೆಯಾಗಿ ಕನ್ನಡ ಕಲಿತಿದ್ದ ಅಜ್ಜಿಯ ಮಗಳಿಂದ ದೊಡ್ಡಕ್ಕ ಎರಡು ಮಾತು ಕಲಿತಳು. ಮರುದಿನ ಬೆಳಿಗ್ಗೆ ಬಾಗಿ ನಿಂತು, "ಮೇ ಲೆವಾಂತೊ, ಅಜ್ಜಿ!" ಎಂದಳು.

ಅಜ್ಜಿ ಅರ್ಧ ತುಟಿಯಲ್ಲೇ ನಕ್ಕಳು. ಆಸ್ಪತ್ರೆಗೆ ಬಂದಮೇಲೆ ಅದೇ ಮೊದಲ ನಗು.

"ದೊಡ್ಡಕ್ಕ, ನಾನೇ ಏಳ್ತೀನಿ ಅಂದುಬಿಟ್ರಲ್ಲ!" ಮಗಳೂ ನಕ್ಕಳು. "ಅಮ್ಮನ್ನ ಎಬ್ಬಿಸೋಕೆ 'ತೇ ಲೆವಾಂತೊ' ಅನ್ನಬೇಕು."

"ಏಳೋಕೆ ಬೇರೆ ಮಾತಿಲ್ವಾ?"

"ಇಲ್ಲ, ಎರಡಕ್ಕೂ ಎಬ್ಬಿಸೋ ಮಾತೇ. 'ತೇ' ಅಂದ್ರೆ ನಿನ್ನನ್ನ, 'ಮೇ' ಅಂದ್ರೆ ನನ್ನನ್ನ ನಾನೇ. ಅಮ್ಮ ತಾನಾಗಿ ಎದ್ರೆ, 'ಸೇ ಲೆವಾಂತಾ'."

"ಓ, ನಮ್ಮ ತಲೆ ಬಾಚ್ಕೊಳ್ಳೋದು, ಮುಖ ತೊಳ್ಕೊಳ್ಳೋದು ಇದ್ದಹಾಗೆ! ನಮ್ಮ 'ಕೊಳ್ಳು' ಬಾಲದಲ್ಲಿ ಕೂರುತ್ತೆ, ಯಾರಾದ್ರೂ ಅದೇ. ನಿಮ್ಮದು ಮುಂದೆ ನಿಂತ್ಕೊಂಡು ಆಳಿಗೊಂದು ವೇಷ ಹಾಕುತ್ತೆ."

ಹಾಗೆಂದಳೇ ಹೊರತು, ಆ ಮಾತು ದಿನವಿಡೀ ಅವಳ ತಲೆಯಿಂದ ಇಳಿಯಲಿಲ್ಲ. ಏಳುವುದಕ್ಕೂ 'ಕೊಳ್ಳು'! ಹೊರಗೆ ಬೆಂಚಿನ ಮೇಲಿದ್ದವರು ಹೆಸರು ಕರೆದ ಕೂಡಲೇ ಎದ್ದು ಬರುತ್ತಿದ್ದರು. ಒಬ್ಬೊಬ್ಬರೂ ತಮ್ಮನ್ನು ತಾವೇ ಎಬ್ಬಿಸಿಕೊಳ್ಳುವುದನ್ನು ಅವಳು ಕಸಬರಿಕೆ ಹಿಡಿದೇ ಕಣ್ಣರಳಿಸಿ ನೋಡಿದಳು.

ವ್ಯಾಯಾಮ ಶುರುವಾಗಿ ವಾರಗಳು ಕಳೆದವು. ಒಂದು ಬೆಳಿಗ್ಗೆ "ತೇ ಲೆವಾಂತೊ" ಎನ್ನುತ್ತ ದೊಡ್ಡಕ್ಕ ಕೈಚಾಚಿದರೆ, ಅಜ್ಜಿ ಎಡಗೈಯಿಂದ ಅದನ್ನು ಸರಿಸಿದಳು.

"ನೋ. ಮೇ ಲೆವಾಂತೊ."

ಮಂಚದ ಸರಳು ಹಿಡಿದಳು. ಬಲಮಂಡಿ ಗಡಗಡ ನಡುಗಿತು. ಅರ್ಧಕ್ಕೆ ನಿಂತಳು, ಉಸಿರೆಳೆದುಕೊಂಡಳು, ಪೂರ್ತಿ ಎದ್ದಳು. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು. ದೊಡ್ಡಕ್ಕನ ತೋಳುಗಳು ಗಾಳಿಯಲ್ಲೇ ಉಳಿದವು. ಸಾವಿರಾರು ಜನರನ್ನು ಎತ್ತಿದವಳು ಆವತ್ತು, "ಎತ್ತೋಳೂ ಇವಳೇ, ಏಳೋಳೂ ಇವಳೇ!" ಎಂದು ಪಿಸುಗುಟ್ಟಿದಳು.

ಮನೆಗೆ ಹೊರಟ ದಿನ ಅಜ್ಜಿ ವಾಕರ್ ಹಿಡಿದು ಲಿಫ್ಟಿನವರೆಗೂ ನಡೆದೇ ಬಂದಳು. "ಮೇ ವೊಯ್" ಎಂದಳು.

"ಹೋಗೋಕೂ 'ಮೇ'ನಾ? ತನ್ನನ್ನ ತಾನೇ ಹೊತ್ಕೊಂಡು ಹೋಗ್ತಾರಾ?"

"ಅದು ಬೇರೆ ಥರ ಅಕ್ಕ. 'ಮೇ' ಇಲ್ದಿದ್ರೆ ಬರೀ ಹೋಗೋದು. ಇದ್ರೆ, ಇಲ್ಲಿಂದ ಹೊರಟೆ ಅಂತ" ಎಂದಳು ಮಗಳು.

ಲಿಫ್ಟಿನ ಬಾಗಿಲು ಮುಚ್ಚಿತು. 'ಮೇ' ಎಂಬ ಇಷ್ಟೇ ಇಷ್ಟು ಮಾತಿನೊಳಗೆ ಇನ್ನೂ ಏನೇನು ಅಡಗಿದೆಯೋ ಎಂದು ದೊಡ್ಡಕ್ಕ ಅಲ್ಲೇ ಬೆರಗಾಗಿ ನಿಂತಳು.